ಎಳ್ಳಮಾಸಿಗೆ ಬಾರದ ಗೆಳತಿ

ಇಂಡಿಯ ದಾನೇಶ್ವರಿಗೆ ಮನೆಯಲ್ಲಿ ಮಾತಾಡಲು ಯಾರೂ ಇರಲಿಲ್ಲ. ಅವ್ವ ತೀರಿಕೊಂಡ ಮೇಲೆ ರೊಟ್ಟಿ ಬಡಿದರೂ ಒಬ್ಬಳಿಗೆ, ದೀಪ ಹಚ್ಚಿದರೂ ಒಬ್ಬಳಿಗೆ. ಅವಳು ಟೈಪಿಂಗ್ ಮಾಡುವ ಅಂಗಡಿಗೆ ಇಂಟರ್‌ನೆಟ್ ಬಂದಾಗ, ಅದರಲ್ಲೊಬ್ಬ ಗೆಳತಿ ಸಿಕ್ಕಳು. ಮನಗೂಳಿಯ ಭಾಗ್ಯಜ್ಯೋತಿ. ಫೋಟೊದಲ್ಲಿ ಹಣೆತುಂಬ ಕುಂಕುಮ, ಬಾಯಿತುಂಬ ನಗು.

"ನಿನ್ನಂತೆ ನನಗೂ ಶುಗರ್ ಇತ್ತು. ಈ ಬೇರಿನ ಪುಡಿ ತಗೊಂಡೆ, ಗುಳಿಗೆ ಬಿಟ್ಟೆ. ಈಗ ಆರಾಮ" ಎಂದು ಆಕೆ ಬರೆದಿದ್ದಳು.

ದಾನೇಶ್ವರಿಯೂ ಪುಡಿ ತರಿಸಿ ಗುಳಿಗೆ ಬಿಟ್ಟಳು. ನಿಜ ಹೇಳಬೇಕೆಂದರೆ ಅವಳಿಗೆ ಪುಡಿಗಿಂತ ಆ ಗೆಳತಿಯೇ ಬೇಕಾಗಿದ್ದಳು.

ಎಳ್ಳು ಅಮಾವಾಸ್ಯೆ, ನಮ್ಮ ಎಳ್ಳಮಾಸಿ, ಬಂತು. ಹೊಲದಲ್ಲಿ ಭೂತಾಯಿಗೆ ಎಡೆಯ ಚರಗ ಚೆಲ್ಲಿ, ನಾಲ್ಕು ಮಂದಿ ಕೂಡಿ ಉಣ್ಣುವ ಹಬ್ಬ. ಒಬ್ಬಳೇ ಕೂತರೆ ತುತ್ತು ಇಳಿದೀತೆ?

"ಹೊಲಕ್ಕ ಊಟಕ್ಕ ಬಾರವಾ. ಬಸ್ ಸ್ಟ್ಯಾಂಡಿನಾಗ ಕಾಯ್ತೇನಿ" ಎಂದು ಬರೆದಳು.

"ನಿನ್ನ ಪ್ರೀತಿಗೆ ಧನ್ಯವಾದ. ಪುಡಿ ತಪ್ಪಿಸಬೇಡ" ಎಂದು ಉತ್ತರ ಬಂತು.

ಎಳ್ಳಮಾಸಿ ಊಟಕ್ಕೆ ಕರೆದರೆ ಈ ಕಡೆ ಯಾರೂ ಒಲ್ಲೆ ಅನ್ನುವುದಿಲ್ಲ. ಬರುತ್ತಾಳೆಂದೇ ನಂಬಿ ದಾನೇಶ್ವರಿ ಇಬ್ಬರ ಬುತ್ತಿ ಕಟ್ಟಿಕೊಂಡು ಕಾದಳು. ಮನಗೂಳಿ ಕಡೆಯ ಬಸ್ಸುಗಳು ಬಂದು ಖಾಲಿಯಾದವು. ಕೊನೆಗೆ ಇಳಿದವಳು ಆಸ್ಪತ್ರೆಯ ನರ್ಸ್ ಪ್ರಿಯದರ್ಶಿನಿ.

"ಅಕ್ಕಾರ, ಮಾರಿ ಯಾಕ್ರಿ ಹಿಂಗ ಬಾಡೈತಿ?"

"ಕಣ್ಣು ಮಂಜಾಗ್ಯಾವ್ರಿ ಸಿಸ್ಟರ್. ನಾಲಗಿ ಒಣಗಾಕತ್ತೈತಿ."

"ಗುಳಿಗಿ ತಗೊಂಡೀರಿಲ್ಲೋ?"

"ಬಿಟ್ಟೇನ್ರಿ. ನಮ್ಮ ಭಾಗ್ಯಜ್ಯೋತಿನೂ ಬಿಟ್ಟಾಳ."

ಪ್ರಿಯದರ್ಶಿನಿ ಅವಳನ್ನು ನೇರ ಆಸ್ಪತ್ರೆಗೆ ಕರೆದೊಯ್ದಳು. ಸಕ್ಕರೆ ಮಿತಿಮೀರಿತ್ತು. ಇನ್ನೂ ತಡಮಾಡಿದ್ದರೆ ಜೀವಕ್ಕೇ ಕುತ್ತು ಎಂದರು ಡಾಕ್ಟರು. ಮತ್ತೆ ಗುಳಿಗೆ ಶುರುವಾಯಿತು.

ಆಸ್ಪತ್ರೆಯಿಂದ ಮನೆಗೆ ಬಿಟ್ಟ ದಿನ ಇಬ್ಬರೂ ಅಂಗಡಿಯ ಕಂಪ್ಯೂಟರ್ ಮುಂದೆ ಕೂತರು. ಪುಡಿಯ ಹೆಸರು ಹುಡುಕಿದರೆ ಅದೇ ಕುಂಕುಮ, ಅದೇ ನಗು. ಒಂದು ಕಡೆ ಭಾಗ್ಯಜ್ಯೋತಿ, ಇನ್ನೊಂದು ಕಡೆ ಧಾರವಾಡದ ಕಸ್ತೂರಿ, ಮತ್ತೊಂದು ಕಡೆ ಸೊಲ್ಲಾಪುರದ ಶಾಂತಾ. ಮಾತುಗಳೂ ಅವೇ.

"ಇದು ಜಾಹೀರಾತ್ರಿ ಅಕ್ಕಾರ. ಪುಡಿ ಮಾರಾವ್ರೇ ಗೆಳತಿ ಹಂಗ ಬರದಾರ."

"ಸುಳ್ಳ ಹೇಳಬ್ಯಾಡ್ರಿ. ಆಕಿ ನನ್ನ ಕಷ್ಟಾ ಸುಖಾ ಕೇಳತಿದ್ಲರಿ."

"ಕೇಳಿದ ಮ್ಯಾಲ ಏನ್ ಹೇಳತಿದ್ಲರಿ?"

ದಾನೇಶ್ವರಿ ನೆನಪು ಮಾಡಿಕೊಂಡಳು. ಪ್ರತಿ ಸಲವೂ ಪುಡಿ.

"ಹಂಗಾರ ಭಾಗ್ಯಜ್ಯೋತಿ ಅಂಬಾಕಿನ ಇಲ್ಲೇನ್ರಿ?" ಎಂದು ಕೇಳಿ, ಅವ್ವ ಸತ್ತ ದಿನ ಅತ್ತ ಹಾಗೆ ಅತ್ತಳು.

ಪ್ರಿಯದರ್ಶಿನಿ ಅವಳನ್ನು ಅಳಲು ಬಿಟ್ಟಳು. ಆಮೇಲೆ ಕೇಳಿದಳು, "ಆ ಬುತ್ತಿಯೊಳಗ ಏನರ ಉಳದೈತೇನ್ರಿ?"

"ಸಜ್ಜಿ ರೊಟ್ಟಿ, ಎಳ್ಳ ಹೋಳಿಗಿ ಅದಾವ್ರಿ. ಹಬ್ಬ ಮುಗದ ಹೋತಲ್ರಿ."

"ಹಸಿವಿ ಮುಗದಿಲ್ರಿ. ನಡ್ರಿ ಹೊಲಕ್ಕ. ರೊಟ್ಟಿ ನಿಮಗ, ಹೋಳಿಗಿ ನನಗ!"

ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ, ಬೆಳ್ಳಗಿರುವುದೆಲ್ಲ ಹಾಲಲ್ಲ. ಇಂಟರ್‌ನೆಟ್ಟಿನಲ್ಲಿ ಗೆಳತಿಯ ಹಾಗೆ ಮಾತಾಡಿ ಔಷಧ ಹೊಗಳುವವರನ್ನು ಕಂಡರೆ, ಇದರ ಲಾಭ ಯಾರಿಗೆ ಎಂದು ಕೇಳಿ. ಡಾಕ್ಟರನ್ನು ಕೇಳದೆ ಗುಳಿಗೆ ಬಿಡಬೇಡಿ. ನಿಮ್ಮ ಓಣಿಯಲ್ಲೂ ಒಬ್ಬ ದಾನೇಶ್ವರಿ ಇದ್ದಾಳು. ಮಾರುವವರು ಅವಳನ್ನು ಗೆಳತಿ ಎಂದು ಕರೆಯುವ ಮೊದಲು, ನೀವು ಊಟಕ್ಕೆ ಕರೆಯಿರಿ.