ಬಣ್ಣ ಬಳಿಯಬಾರದು

ಒದ್ದೆ ಟಿಶ್ಯೂ ಪೊಟ್ಟಣ ಹಿಡಿದು ತೀರ್ಪುಗಾರ್ತಿ ಶಾಲೆಯ ವೇದಿಕೆ ಹತ್ತಿದಾಗ, ಸಾಲಿನ ಕೊನೆಯಲ್ಲಿ ನಿಂತ ಪುಟ್ಟ ಡಾಕ್ಟರಮ್ಮ ತನ್ನ ಮಾತನ್ನು ಬಾಯಲ್ಲೇ ಒಪ್ಪಿಸಿಕೊಳ್ಳುತ್ತಿದ್ದಳು. "ಹೆದರಬೇಡಿ, ಎಲ್ಲಿ ನೋವು ತೋರಿಸಿ." ಇಷ್ಟೇ. ಅಪ್ಪನ ಹಳೇ ಬಿಳಿ ಅಂಗಿ ಕತ್ತರಿಸಿ ಅಮ್ಮ ಕೋಟು ಹೊಲಿದಿದ್ದಳು. ಸ್ಟೆತಾಸ್ಕೋಪು ಮಾತ್ರ ಅಸಲಿ, ಕ್ಲಿನಿಕ್ಕಿನಲ್ಲಿ ಕಾಡಿ ಬೇಡಿ ತಂದದ್ದು.

ಅಮ್ಮ ಅದೇ ಶಾಲೆಯ ಆಯಾ. ವೇದಿಕೆಯ ಪಕ್ಕದಲ್ಲಿ ಬಕೆಟ್ಟು, ಮಾಪು ಹಿಡಿದು ನಿಂತಿದ್ದಳು. ಯಾವುದಾದರೂ ಮಗು ಹೆದರಿ ಒದ್ದೆ ಮಾಡಿಕೊಂಡರೆ ಒರೆಸಬೇಕಲ್ಲ.

ಹೋದ ವರ್ಷದ ಛದ್ಮವೇಷ ಸ್ಪರ್ಧೆಗೆ, ಈಗ ಪುಟ್ಟಿಯ ಕ್ಲಾಸ್ ಟೀಚರ್ ಆಗಿರುವವರು ತಮ್ಮ ಮಗಳನ್ನು 'ನಮ್ಮ ಆಯಾ' ಮಾಡಿ ಕರೆತಂದಿದ್ದರು. ಬೆಳ್ಳನೆಯ ಹುಡುಗಿ. ಕಿವಿ, ಕುತ್ತಿಗೆ, ಕೈ, ಒಂದನ್ನೂ ಬಿಡದೆ ಕಪ್ಪು ಬಳಿದಿದ್ದರು. ಅವಳು ಮಾಪು ಎಳೆದುಕೊಂಡು, ಮೂಗು ಒರೆಸಿಕೊಂಡು ಬಂದಳು. ಸಭಾಂಗಣ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮೊದಲ ಬಹುಮಾನ. ಆಮೇಲೆ ಆ ಹುಡುಗಿ ಮುಖ ತೊಳೆದ ಸಿಂಕನ್ನು ಉಜ್ಜಿದವಳು ಯಾರು ಅಂತ ಬೇರೆ ಹೇಳಬೇಕಿಲ್ಲ.

ಉಜ್ಜಿ ಮುಗಿಸಿ, ಕೈ ಒರೆಸಿಕೊಂಡು, ಆಯಾ ನೇರ ಹೆಡ್ಮಿಸ್ಟ್ರೆಸ್ ಕೋಣೆಗೆ ಹೋಗಿದ್ದಳು.

"ನನ್ನ ಕೆಲಸ ಆಡಿಕೊಳ್ಳಲಿ ಮೇಡಂ, ಪರವಾಗಿಲ್ಲ. ನನ್ನ ಮಗಳದ್ದೂ ಇದೇ ಬಣ್ಣ. ಅವಳೂ ನೋಡ್ತಾ ಕೂತಿದ್ಲು."

ಹನ್ನೆರಡು ವರ್ಷದ ಕೆಲಸದಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಈ ವರ್ಷ ನೋಟೀಸು ಬೋರ್ಡಿಗೆ ನಿಯಮ ಬಂತು: ಮೈಗೆ ಕಪ್ಪು ಬಣ್ಣ ಬಳಿಯಬಾರದು, ಬಳಿದವರಿಗೆ ಸ್ಪರ್ಧೆಯಲ್ಲಿ ಜಾಗವಿಲ್ಲ. ಸ್ಟಾಫ್ ರೂಮಿನಲ್ಲಿ ಕ್ಲಾಸ್ ಟೀಚರ್, "ಮಕ್ಕಳಾಟ ಅದು. ಅದರಲ್ಲೂ ಅವಮಾನ ಹುಡುಕೋರಿಗೆ ಏನು ಹೇಳೋದು?" ಅಂದರು, ಆಯಾಗೆ ಕೇಳಿಸಲಿ ಅಂತಲೇ. ಆಯಾ ಲೋಟಗಳನ್ನು ಎತ್ತಿಕೊಂಡು ಹೊರಬಂದಳು. ಅವಳಿಗೆ ಒಳಗೊಳಗೇ ಖುಷಿ. ನಿಯಮ ಬಂದ ದಿನವೇ ಮಗಳು, ನಾನೂ ವೇಷ ಹಾಕ್ತೀನಿ ಅಂದಿದ್ದಳು.

ತೀರ್ಪುಗಾರ್ತಿ ಹೊರಗಿನವರು. ನಿಯಮ ಓದಿ ಮೆಚ್ಚಿಕೊಂಡು ಬಂದಿದ್ದರು. ಒಳ್ಳೆಯದು ಮಾಡಲು ಕೈ ತುರಿಸುತ್ತಿದ್ದ ಹೆಂಗಸು. ಸಾಲಿನುದ್ದಕ್ಕೂ ಮುಖ ನೋಡುತ್ತಾ ಬಂದು ಪುಟ್ಟಿಯ ಮುಂದೆ ನಿಂತರು.

"ಇದೇನಮ್ಮ, ಡಾಕ್ಟರಿಗೆ ಯಾಕೆ ಮಸಿ ಬಳಿದಿದಾರೆ? ನಿಯಮ ಗೊತ್ತಿಲ್ವಾ?" ಕಾಲರಿನ ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು. ಗದ್ದ ಹಿಡಿದು ಕೆನ್ನೆ ಉಜ್ಜಿದರು.

ಮಗು ಕಣ್ಣು ಮುಚ್ಚಿಕೊಂಡಿತು. ಟಿಶ್ಯೂ ಬೆಳ್ಳಗೇ ಇತ್ತು. ಅದನ್ನು ಮಡಚಿ, ಇನ್ನೊಂದು ಕೆನ್ನೆಯನ್ನು ಇನ್ನೂ ಗಟ್ಟಿಯಾಗಿ ಉಜ್ಜಿದರು.

"ಅಬ್ಬಾ, ವಾಟರ್‌ಪ್ರೂಫ್ ಹಾಕಿದಾರೆ!"

ಆಯಾ ಬಕೆಟ್ಟು ಬಿಟ್ಟು ಮುಂದೆ ನುಗ್ಗಿದಳು. ಅಲ್ಲೇ ಹೆಸರಿನ ಪಟ್ಟಿ ಹಿಡಿದಿದ್ದ ಕ್ಲಾಸ್ ಟೀಚರ್ ಕೈ ಅಡ್ಡ ಚಾಚಿದರು. ಪುಟ್ಟಿಯದು ದಿನಾ ಬೆಳಿಗ್ಗೆ ಹಾಜರಿ ಕೂಗುವಾಗ ಅವರು ನೋಡುವ ಮುಖ. ಅವರು ಒಂದು ಮಾತು ಹೇಳಿದ್ದರೆ ಸಾಕಿತ್ತು.

"ಇರಮ್ಮ, ಪರೀಕ್ಷೆ ಮಾಡ್ಲಿ," ಅಂದರು ಮೆಲ್ಲಗೆ. "ನಿಯಮ ಬೇಕು ಅಂದಿದ್ದು ನೀನೇ ಅಲ್ವಾ?"

ಆಯಾ ಆ ಕೈಯನ್ನು ತಳ್ಳಿದಳು. "ಅದು ಬಣ್ಣ ಅಲ್ಲ ಮೇಡಂ! ನನ್ನ ಮಗಳು!"

ತೀರ್ಪುಗಾರ್ತಿ ಕೂಗಿದವಳ ಮುಖ ನೋಡಿದರು, ಮಗುವಿನ ಮುಖ ನೋಡಿದರು. "ಓ... ಹಾಗಾದ್ರೆ ಸರಿ, ಅಸಲಿ ಬಣ್ಣಾನೇ," ಅಂದರು. ಸಭಾಂಗಣ ಹೋದ ವರ್ಷಕ್ಕಿಂತ ಜೋರಾಗಿ ನಕ್ಕಿತು. "ಹೂಂ, ಹೇಳು ಪುಟ್ಟಿ, ನಿನ್ನ ಮಾತು?"

ಮಗು ಸ್ಟೆತಾಸ್ಕೋಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿತು.

"ಹೆದರಬೇಡಿ..."

ಮುಂದಿನದು ಬರಲಿಲ್ಲ.

ಎಲ್ಲರೂ ಹೋದ ಮೇಲೆ ಆಯಾ ವೇದಿಕೆ ಗುಡಿಸಿದಳು. ಕಿರೀಟದ ಚೂರು, ಕಾಗದದ ರೆಕ್ಕೆ, ಎಲ್ಲ ಸಿಕ್ಕಿತು. ಆ ಟಿಶ್ಯೂ ಮಾತ್ರ ಕಾಣಲಿಲ್ಲ, ಮಗಳೂ ಕಾಣಲಿಲ್ಲ. ಬಚ್ಚಲ ಕಡೆ ನಲ್ಲಿಯ ಸದ್ದಿತ್ತು.

ಮಗಳು ಬಕೆಟ್ಟು ಮಗುಚಿ, ಅದರ ಮೇಲೆ ಹತ್ತಿ ಸಿಂಕಿನ ಮುಂದೆ ನಿಂತಿದ್ದಳು. ಕೆನ್ನೆ ತರಚಿ ಹೋಗಿತ್ತು. ಟಿಶ್ಯೂವನ್ನು ಅಮ್ಮನ ಕೈಗೆ ಕೊಟ್ಟಳು.

"ಅವರು ಸರಿಯಾಗಿ ಉಜ್ಜಲಿಲ್ಲ ಅಮ್ಮಾ. ಟೀಚರ್ ಮಗಳದ್ದು ಇಲ್ಲಿ ತೊಳೆದಾಗ ಎಲ್ಲಾ ಹೋಯ್ತಲ್ಲ. ನೀನು ಉಜ್ಜು. ನಿಂಗೆ ಚೆನ್ನಾಗಿ ಉಜ್ಜೋಕೆ ಬರುತ್ತೆ."

ಕಣ್ಣು ಮುಚ್ಚಿ, ಕೆನ್ನೆ ಮೇಲೆತ್ತಿ ಕಾದಳು. ನಲ್ಲಿ ಬಿಟ್ಟೇ ಇತ್ತು. ಬಿಳಿ ಸಿಂಕಿನೊಳಗೆ ನೀರು ತಿಳಿಯಾಗಿ ಇಳಿದು ಹೋಗುತ್ತಿತ್ತು.