ಕೂರಲೊಲ್ಲದ ಮಲ್ಲಿಕಾಂಬ

ತರೀಕೆರೆಯ ಹಳೇ ಅಕ್ಕಿ ಗಿರಣಿಯ ಹಿಂದೆ ಒಂದು ತಗಡಿನ ಶೆಡ್ಡು. ಪ್ರಜ್ಞಾ ಅಲ್ಲಿ ಶಿಲ್ಪ ಮಾಡುತ್ತಿದ್ದಳು. ಶಿಲ್ಪ ಅಂದರೆ ಕಲ್ಲು, ಉಳಿ ಅಲ್ಲ. ಕಡೂರಿನ ಗುಜರಿಯಿಂದ ಸವೆದ ನೇಗಿಲು, ಲಾರಿಯ ಸ್ಪ್ರಿಂಗ್ ಪಟ್ಟಿ, ತುಕ್ಕು ಹಿಡಿದ ಸರಪಳಿ ಎಲ್ಲ ತಂದು ಬೆಸೆದು ನಿಲ್ಲಿಸುತ್ತಿದ್ದಳು. ಅವಕ್ಕೆ ಕಣ್ಣು ಮೂಗು ಇರುತ್ತಿರಲಿಲ್ಲ. ದೆಹಲಿಯಲ್ಲಿ ಪ್ರದರ್ಶನವಾಗಿ ಪೇಪರಿನಲ್ಲಿ ಫೋಟೋ ಬಂದಿದ್ದರೂ ಬೀದಿಯವರ ಬಾಯಲ್ಲಿ ಅವಳು ವೆಲ್ಡಿಂಗ್ ಪ್ರಜ್ಞಾ. ಆಗಾಗ ಯಾರಾದರೂ ಮುರಿದ ಗೇಟು ಹೊತ್ತುಕೊಂಡು ಬರುತ್ತಿದ್ದರು. ಅವಳೂ ಬೇಜಾರಿಲ್ಲದೆ ಬೆಸೆದು ಕಳಿಸುತ್ತಿದ್ದಳು.

ಆ ಪೇಪರಿನ ಫೋಟೋ ನೋಡಿಯೇ ಅಜ್ಜಂಪುರದ ಓಂಕಾರೇಶ್ ಬಂದದ್ದು. ತೆಂಗಿನಕಾಯಿ ಮಂಡಿಯ ಯಜಮಾನ. ತಾಯಿಯ ಹೆಸರಲ್ಲಿ ಕಲ್ಯಾಣ ಮಂಟಪ ಕಟ್ಟಿಸಿದ್ದ, ಅದರ ಮುಂದೆ ತಾಯಿಯ ಪ್ರತಿಮೆ ಬೇಕಿತ್ತು.

'ನಾನು ಮಾಡೋದು ಬೇರೆ ಥರ ಸಾರ್' ಅಂದಳು ಪ್ರಜ್ಞಾ.

'ಬೇರೆ ಥರ ಮಾಡೋರಿಗೆ ಇದೇನು ಕಷ್ಟ ಮೇಡಂ' ಅಂತ ಅವನು ಒಂದು ಫೋಟೋ ಮೇಜಿನ ಮೇಲಿಟ್ಟು ಹೋದ. ಸ್ಟುಡಿಯೋದಲ್ಲಿ ತೆಗೆಸಿದ್ದು. ಜರಿ ಸೀರೆ ಉಟ್ಟ ಹೆಂಗಸು ಉಸಿರು ಬಿಗಿಹಿಡಿದು ಕುರ್ಚಿಯಲ್ಲಿ ಕೂತಿದ್ದರು. ಕಾಲೇಜಿನಲ್ಲಿ ಕಲಿತದ್ದು ಕೈಗೆ ಇನ್ನೂ ನೆನಪಿದೆಯೋ ನೋಡೋಣ ಅನ್ನಿಸಿ ಪ್ರಜ್ಞಾ ಜೇಡಿಮಣ್ಣು ಕಲಸಿದಳು.

ಮಣ್ಣಿನ ತಲೆ ಒಂದು ಹದಕ್ಕೆ ಬಂದಾಗ ಶೆಡ್ಡಿನ ಬಾಗಿಲಲ್ಲಿ ಚೀಲ ಹಿಡಿದ ಮುದುಕಿಯೊಬ್ಬರು ನಿಂತಿದ್ದರು. ಹಣೆಯಲ್ಲಿ ವಿಭೂತಿ, ಕಾಲಲ್ಲಿ ರಬ್ಬರ್ ಚಪ್ಪಲಿ.

'ಗೇಟು ಆದ್ರೆ ಹೊರಗೇ ಇಳಿಸಿ ಅಜ್ಜಿ.'

'ಗೇಟಲ್ಲ ಕಣಮ್ಮ. ನಾನೇ ಮಲ್ಲಿಕಾಂಬ. ಅದೇನೋ ನನ್ನ ತಲೆ ಮಾಡ್ತಾ ಇದೀಯಂತಲ್ಲ, ನೋಡಿ ಹೋಗೋಣ ಅಂತ ಬಸ್ ಹತ್ತಿ ಬಂದೆ.'

ಪ್ರಜ್ಞಾಗೆ ಗಾಬರಿ. ಪ್ರತಿಮೆ ಅಂದ ಕೂಡಲೇ ಆ ತಾಯಿ ತೀರಿಕೊಂಡಿದ್ದಾರೆ ಅಂತಲೇ ಅವಳು ಅಂದುಕೊಂಡಿದ್ದಳು. ಮಲ್ಲಿಕಾಂಬ ಮಣ್ಣಿನ ತಲೆಯ ಸುತ್ತ ಒಂದು ಸುತ್ತು ಹಾಕಿದರು. 'ಚೆನ್ನಾಗಿದಾಳೆ. ಯಾರೋ ಏನೋ' ಅಂದರು.

ಎದುರಿಗೇ ಕೂರಿಸಿಕೊಂಡು ಮಾಡಿದರೆ ಹೋಲಿಕೆ ಬರುತ್ತದೆ ಅಂತ ಪ್ರಜ್ಞಾ ಸ್ಟೂಲು ಹಾಕಿದಳು. ಅಷ್ಟರಲ್ಲಿ ಶೆಡ್ಡಿಗೆ ಅಂಟಿಕೊಂಡ ಮನೆಯಿಂದ ಅವಳಮ್ಮ ಜವರಮ್ಮ ಟೀ ತಂದರು. ಮಠಕ್ಕೆ ನಡೆದುಕೊಳ್ಳುವ ಮನೆಯ ಹಿರಿಯರು ತಮ್ಮ ಮನೆ ಲೋಟ ಮುಟ್ಟುತ್ತಾರೋ ಇಲ್ಲವೋ ಅಂತ ಬಾಗಿಲಲ್ಲೇ ತಡೆದು ಮಗಳ ಮುಖ ನೋಡಿದರು. ಮಲ್ಲಿಕಾಂಬ ಕೈ ಚಾಚಿ ಲೋಟ ಇಸಕೊಂಡು ಒಂದು ಗುಟುಕು ಕುಡಿದರು. 'ಶುಂಠಿ ಸಾಲದು ಕಣೇ' ಅಂತ ಎದ್ದು ಜವರಮ್ಮನ ಹಿಂದೆಯೇ ಅಡುಗೆಮನೆಗೆ ಹೋದರು. ಸ್ಟೂಲು ಖಾಲಿ.

ಆಮೇಲೆ ಪ್ರತಿ ಸೋಮವಾರ ಬರತೊಡಗಿದರು. ಬಂದವರು ಕೂತರೆ ತಾನೇ? ಪ್ರಜ್ಞಾ ಹಣೆ ತಿದ್ದುವಷ್ಟರಲ್ಲಿ ಬೆಕ್ಕು ಓಡಿಸಲು ಎದ್ದಿರುತ್ತಿದ್ದರು. ಗಲ್ಲಕ್ಕೆ ಬರುವಷ್ಟರಲ್ಲಿ ಹಿತ್ತಿಲಲ್ಲಿ ಜವರಮ್ಮನ ಸೊಪ್ಪಿನ ಮಡಿಗೆ ನೀರು ಹಾಕುತ್ತಿರುತ್ತಿದ್ದರು.

'ಅಜ್ಜಿ, ಸ್ವಲ್ಪ ಹೊತ್ತು ಕೂತ್ಕೊಳ್ಳಿ.'

'ಕೂತೇ ಇದೀನಲ್ಲ' ಅನ್ನುತ್ತ ಮತ್ತೆ ಏಳುತ್ತಿದ್ದರು.

ಏಳುವಾಗ ಒಂದು ಕೈ ಮಂಡಿಗೆ, ಇನ್ನೊಂದು ಗಾಳಿಗೆ. ಬೆನ್ನು ಮೊದಲು ಬಾಗಿ ಆಮೇಲೆ ನಿಧಾನಕ್ಕೆ ಬಿಚ್ಚಿಕೊಳ್ಳುತ್ತಿತ್ತು. ಒಂದು ಸೋಮವಾರ ಅದನ್ನೇ ನೋಡುತ್ತ ಪ್ರಜ್ಞಾ ಮಣ್ಣಿನ ಕೈ ಒರೆಸಿಕೊಂಡು ಲಾರಿ ಪಟ್ಟಿಯೊಂದನ್ನು ಎಳೆದಳು. ಬಾಗಿದ ಪಟ್ಟಿ ಬೆನ್ನಾಯಿತು, ನೇಗಿಲ ಗುಳ ಮಂಡಿಯಾಯಿತು. ಬೇಡ ಬೇಡವೆಂದರೂ ಕೈ ನಿಲ್ಲಲಿಲ್ಲ. ಮುಂದಿನ ವಾರ ಮಲ್ಲಿಕಾಂಬ ಅದನ್ನು ನೋಡಿದರು.

'ಸೊಂಟ ಹಿಡಿದಿರೋದು ಗೊತ್ತಾಗ್ತದೆ' ಅಂದರು. 'ಮಂಟಪದ ಮುಂದೆ ಇದನ್ನೇ ನಿಲ್ಸು.'

'ನಿಮ್ಮ ಮಗ ಒಪ್ಪಲ್ಲ ಅಜ್ಜಿ.'

'ಅವನಿಗೆ ಹೇಳೋರು ಯಾರು?'

ಓಂಕಾರೇಶ್ ಕೆಲಸ ಎಲ್ಲಿಗೆ ಬಂತು ಅಂತ ನೋಡಲು ಬಂದ ದಿನ ಪ್ರಜ್ಞಾ ಮಣ್ಣಿನ ತಲೆಯ ಮೇಲಿನ ಒದ್ದೆ ಬಟ್ಟೆ ತೆಗೆದಳು. ಅವನು ಕೈಮುಗಿದ. ಮೂಗುಬಟ್ಟು ಸ್ವಲ್ಪ ದೊಡ್ಡದಿರಲಿ ಅಂದ. ಮಾತಾಡುತ್ತ ತನ್ನ ಬ್ಯಾಗನ್ನು ಪಕ್ಕದಲ್ಲಿದ್ದ ಕಬ್ಬಿಣದ ತಾಯಿಯ ಚಾಚಿದ ಕೈಗೆ ನೇತುಹಾಕಿದ್ದ, ಹೊರಡುವಾಗ ತೆಗೆದುಕೊಂಡು ಹೋದ. ಒಳಗಿನಿಂದ ಕಿಟಕಿಯಲ್ಲಿ ನೋಡುತ್ತಿದ್ದ ಮಲ್ಲಿಕಾಂಬ, ಜವರಮ್ಮ ಇಬ್ಬರೂ ಸೆರಗು ಬಾಯಿಗೆ ತುರುಕಿಕೊಂಡಿದ್ದರು.

ಅನಾವರಣದ ದಿನ ಮಂಟಪದ ಮುಂದೆ ಊರೇ ಸೇರಿತ್ತು. ತರೀಕೆರೆಯಿಂದಲೇ ಬಟ್ಟೆ ಸುತ್ತಿ ತಂದು ನಿಲ್ಲಿಸಿದ್ದ ಪ್ರತಿಮೆಯ ದಾರವನ್ನು ಮಲ್ಲಿಕಾಂಬ ತಾವೇ ಎಳೆದರು. ಹಳದಿ ಬಟ್ಟೆ ಜಾರಿತು. ವಾಲಗದವರು ಊದುವುದನ್ನು ಅರ್ಧಕ್ಕೇ ನಿಲ್ಲಿಸಿದರು. ಓಂಕಾರೇಶ್ ಕಂಬದ ಹಿಂದೆ ಎಲ್ಲಾದರೂ ನಿಜವಾದ ಪ್ರತಿಮೆ ಇದೆಯೇನೋ ಎಂಬಂತೆ ಇಣುಕಿದ. ಪ್ರಜ್ಞಾಗೆ ಮುಂದಿನ ಬಸ್ಸು ಎಷ್ಟು ಹೊತ್ತಿಗೋ ಅನ್ನುವ ಯೋಚನೆ ಹತ್ತಿತು.

'ಏನ್ ಮೇಡಂ ಇದು? ಅಮ್ಮ ಎಲ್ಲಿ?'

ಪ್ರಜ್ಞಾ ಬಾಯಿ ತೆರೆಯುವ ಮೊದಲೇ ಮುಂದಿನ ಸಾಲಿನಿಂದ ಓಂಕಾರೇಶನ ಸೋದರಮಾವ ಕೋಲೂರಿಕೊಂಡು ಬಂದರು. ಮಲ್ಲಿಕಾಂಬನ ತಮ್ಮ. ಅವರಿಗೆ ಈ ಒಳಸಂಚು ಯಾವುದೂ ಗೊತ್ತಿರಲಿಲ್ಲ. ಕಬ್ಬಿಣದ ಬೆನ್ನಿನ ಮೇಲೆ ಕೈಯಾಡಿಸಿದರು.

'ನಮ್ಮಕ್ಕನೇ ಕಣೋ' ಅಂದರು. 'ಅಪ್ಪ ಕೂಗಿದ್ರೆ ಹಿಂಗೇ ಏಳ್ತಿದ್ಲು. ನಾನು ಅತ್ರೆ ಹಿಂಗೇ ಏಳ್ತಿದ್ಲು. ಲೇ ಓಂಕಾರಿ, ನಿಮ್ಮಮ್ಮ ಕುರ್ಚೀಲಿ ಕೂತಿದ್ದನ್ನ ನೀನು ಯಾವತ್ತು ನೋಡಿದೀಯ ಹೇಳು?'

ಓಂಕಾರೇಶ್ ಕಬ್ಬಿಣ ನೋಡಿದ, ತಾಯಿಯನ್ನು ನೋಡಿದ, ಮತ್ತೆ ಕಬ್ಬಿಣ ನೋಡಿದ. ಕನ್ನಡಕ ತೆಗೆದು ಶಲ್ಯದಿಂದ ಒರೆಸಿದವನು, ಕಣ್ಣನ್ನೂ ಅದರಲ್ಲೇ ಒರೆಸಿಕೊಂಡು, ವಾಲಗದವರ ಕಡೆ ತಿರುಗಿ 'ನಿಲ್ಸಿದ್ದು ಯಾಕ್ರೀ?' ಅಂತ ಗದರಿದ.

ಊಟಕ್ಕೆ ಮಲ್ಲಿಕಾಂಬ ಪ್ರಜ್ಞಾಳನ್ನೂ ಜವರಮ್ಮನನ್ನೂ ಕೈಹಿಡಿದು ತಮ್ಮ ಎಡಬಲಕ್ಕೆ ಕೂರಿಸಿಕೊಂಡರು. ಹೋಳಿಗೆ ಬಡಿಸುತ್ತ ಬಂದ ಓಂಕಾರೇಶ್ ಪ್ರಜ್ಞಾಳ ಎಲೆಯ ಮುಂದೆ ಬಗ್ಗಿ, ಯಾರಿಗೂ ಕೇಳದ ಹಾಗೆ ಕೇಳಿದ: 'ಮೇಡಂ, ಮಳೆಗೆ ತುಕ್ಕು ಹಿಡಿಯುತ್ತಾ?'

'ಹಿಡಿಯುತ್ತೆ ಸಾರ್. ವರ್ಷಕ್ಕೊಂದ್ಸಲ ಎಣ್ಣೆ ಹಚ್ಚಬೇಕು.'

'ನಾನೇ ಹಚ್ತೀನಿ' ಅಂದು ಅವನು ಅವಳ ಎಲೆಗೆ ಕೇಳದೆಯೇ ಇನ್ನೊಂದು ಹೋಳಿಗೆ ಹಾಕಿದ.