ಫೋನ್ ಹಿಡಿದವಳು

ರೋಗಿಯ ಗಂಟಲಿಗೆ ಉಸಿರಿನ ನಳಿಗೆ ಹಾಕುವಾಗ ಒಳಗೇನು ಕಾಣುತ್ತದೆಂಬುದು ನರ್ಸ್ ಪರಿಮಳಳಿಗೆ ಬಹಳ ವರ್ಷ ಗೊತ್ತಿರಲಿಲ್ಲ. ಬೆಟ್ಟದ ಮೇಲಿನ ಆ ಆಸ್ಪತ್ರೆಗೆ ಬಂದುಹೋದ ಡಾಕ್ಟರುಗಳೆಲ್ಲ ಬಗ್ಗಿ ತಾವೊಬ್ಬರೇ ನೋಡಿಕೊಳ್ಳುತ್ತಿದ್ದರು. ಅವಳು ಪಕ್ಕದಲ್ಲಿ ನಿಂತು, ಒಳಗಿನ ದಾರಿ ಅವರಿಗೆ ಕಾಣಲೆಂದು ರೋಗಿಯ ಕತ್ತು ಹೊರಗಿನಿಂದ ಒತ್ತಿ ಹಿಡಿಯುವಳು, ನಳಿಗೆ ಕೈಗೆ ಕೊಡುವಳು. ಅಷ್ಟೇ.

ಈ ಸಲ ಬಂದ ಸಂಗೀತ ಡಾಕ್ಟರು ನಾಲಿಗೆ ಎತ್ತುವ ಸ್ಕೋಪಿನ ತುದಿಗೆ ಕಡಲೆಕಾಳಿನಷ್ಟು ಕ್ಯಾಮೆರಾ ಅಂಟಿಸಿ, ಅದರ ವೈರನ್ನು ತಮ್ಮ ಫೋನಿಗೆ ಸಿಕ್ಕಿಸಿದರು. ಕಲಿಸಲೆಂದು ತಂದಿದ್ದ ರಬ್ಬರು ಬೊಂಬೆಯ ಗಂಟಲು ಫೋನಿನಲ್ಲಿ ಎಲ್ಲರಿಗೂ ಕಂಡಿತು. ಎರಡು ಬಿಳಿ ಪಟ್ಟಿ, ನಡುವೆ ಕಪ್ಪು ಸಂದು.

"ಆ ಸಂದೇ ಉಸಿರಿನ ದಾರಿ. ನಾನಿಲ್ಲದಾಗ ನೀವೇ ಹಾಕಬೇಕಾದೀತು, ಕಲೀರಿ."

ಪರಿಮಳ ಹಾಕಿದ ನಳಿಗೆ ಬೊಂಬೆಯ ಹೊಟ್ಟೆಗೆ ಹೋಯಿತು. ಮೊನ್ನೆ ಮೊನ್ನೆ ಕೆಲಸಕ್ಕೆ ಸೇರಿದ ನರ್ಸ್ ಪದ್ಮಶ್ರೀ ಹಾಕಿದ್ದು ನೇರ ಶ್ವಾಸನಾಳಕ್ಕೆ.

"ಪರಿಮಳಕ್ಕ, ನೀನು ಕತ್ತು ಒತ್ಕಂಡೇ ಇರು ಕಣವ್ವ," ಎಂದ ಬಾಗಿಲಿಗೊರಗಿದ್ದ ಆಂಬುಲೆನ್ಸ್ ಡ್ರೈವರ್ ಪುಟ್ಟರಾಜು. "ಆ ಕೂಸಿನ ಕೈ ನೋಡು, ಬೆಣ್ಣೆಲಿ ಕೂದ್ಲು ತಗ್ದಂಗೆ."

"ನಿನ್ ಗಾಡಿ ನೋಡ್ಕೋ ಓಗ್ಲಾ."

ಅಂದಿನಿಂದ ಪದ್ಮಶ್ರೀಯ ಕೈ ಪರಿಮಳಳ ಕಣ್ಣಿಗೆ ಬೀಳುತ್ತಲೇ ಇತ್ತು. ಹೊಲಮನೆ ಇದ್ದವರ ಕೈ. ತನ್ನದರಂತೆ ಕೂಲಿಗೆ ಹೋಗಿ ಕಳೆ ಕಿತ್ತದ್ದಲ್ಲ. ಅವಳು "ಅಕ್ಕ" ಅಂದರೂ ಉರಿ, ತನ್ನ ಡಬ್ಬಿಯ ಚಿತ್ರಾನ್ನ ಕೊಟ್ಟರೂ ಉರಿ. ಜೀವ ಇರುವ ಗಂಟಲಿಗೆ ಮೊದಲು ನಾನು ಹಾಕಬೇಕು ಎನ್ನುವುದೊಂದೇ ಪರಿಮಳಳ ಮನಸ್ಸಿನಲ್ಲಿ ಕೂತುಬಿಟ್ಟಿತು.

ಒಂದು ಬೆಳಿಗ್ಗೆ ತಿಗನಾರೆ ಊರಿನ ಚಿಕ್ಕಸಿದ್ದನನ್ನು ಹೊತ್ತು ತಂದರು. ಕಾಡುಹಂದಿ ನುಗ್ಗದಂತೆ ಕಾಯಲು ರಾಗಿಹೊಲದಲ್ಲಿ ನೆಲಕ್ಕೇ ಮಲಗಿದ್ದವನಿಗೆ ಹಾವು ಕಚ್ಚಿತ್ತು. ಡ್ರಿಪ್ಪಿನಲ್ಲಿ ವಿಷದ ಔಷಧಿ ಏರುತ್ತಿದ್ದರೂ ರೆಪ್ಪೆ ಬಿದ್ದಿತ್ತು, ಉಸಿರು ಕುಗ್ಗುತ್ತಿತ್ತು. ನಳಿಗೆ ಇಲ್ಲದೆ ಘಾಟಿ ಇಳಿಸಿ ಸತ್ಯಮಂಗಲದ ದೊಡ್ಡಾಸ್ಪತ್ರೆ ಮುಟ್ಟಿಸುವಂತಿರಲಿಲ್ಲ.

"ಪದ್ಮಶ್ರೀ, ನೀನು ಹಾಕು, ನಾನಿದ್ದೀನಿ," ಎಂದರು ಡಾಕ್ಟರು. "ಪರಿಮಳ, ಫೋನ್ ಹಿಡ್ಕೊಳ್ಳಿ."

ಪರಿಮಳ ಹಿಡಿದಳು. ಬಿಳಿ ಪಟ್ಟಿಗಳು ಕಂಡವು, ಹಸಿಯಾಗಿ, ಹೊಳೆಯುತ್ತಾ. ತನಗೂ ಸರಿಯಾಗಿ ಕಾಣಲೆಂದು ಫೋನನ್ನು ತನ್ನ ಕಡೆ ವಾಲಿಸಿದಳು. ಫೋನು ವಾಲಿದೊಡನೆ ಚಿತ್ರ ತಾನಾಗಿ ತಿರುಗಿ ಅಡ್ಡ ಮಲಗಿತು.

"ಅಕ್ಕ, ಪಟ ತಿರುಗೋಯ್ತು! ಯಾವ್ದು ಮ್ಯಾಲೆ, ಯಾವ್ದು ಕೆಳ್ಗೆ?"

ಮಣಿಕಟ್ಟು ಒಂದಿಷ್ಟು ನೆಟ್ಟಗೆ ಮಾಡಿದ್ದರೆ ಸಾಕಿತ್ತು. ಪರಿಮಳಳಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ತಡಮಾಡಿದಳು.

ನಳಿಗೆ ಹೊಟ್ಟೆಗೆ ಹೋಯಿತು. ಡಾಕ್ಟರು ಅದನ್ನು ಎಳೆದು, ಮುಖಕ್ಕೆ ಮಾಸ್ಕ್ ಒತ್ತಿ ಗಾಳಿಚೀಲ ಹಿಂಡಿದರು. ಬಾಗಿಲಲ್ಲಿ ಚಿಕ್ಕಸಿದ್ದನ ಹೆಂಡತಿ ದೊಡ್ಡಮಾದಮ್ಮ ಸೆರಗು ಕಚ್ಚಿ ನಿಂತಿದ್ದಳು.

"ನಂಗೆ ಇನ್ನೊಂದ್ ಸಲ ಆಗಲ್ಲ ಮೇಡಂ," ಎಂದಳು ಪದ್ಮಶ್ರೀ. "ಅಕ್ಕ ಆಕ್ಲಿ."

ಡಾಕ್ಟರು ಚೀಲ ಹಿಂಡುತ್ತಲೇ ಒಪ್ಪಿ ತಲೆಯಾಡಿಸಿದರು. ಪರಿಮಳ ಸ್ಕೋಪು ತೆಗೆದುಕೊಂಡಳು. ಪದ್ಮಶ್ರೀ ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಪರದೆಯನ್ನು ಪೂರ್ತಿ ಪರಿಮಳಳ ಕಡೆಗೇ ತಿರುಗಿಸಿ ನಿಂತಳು. ಪದ್ಮಶ್ರೀಗೆ ಏನೂ ಕಾಣುತ್ತಿರಲಿಲ್ಲ.

"ಕಾಣ್ತದಾ ಅಕ್ಕ?"

ಕಂಡಿತು. ನಳಿಗೆ ಸಂದಿನಲ್ಲಿ ಇಳಿಯಿತು. ಚಿಕ್ಕಸಿದ್ದನ ಎದೆ ಏರಿತು.

"ಆಯ್ತು ಅಕ್ಕ, ಆಯ್ತು!" ಎಂದು ಪದ್ಮಶ್ರೀ ಅತ್ತೇಬಿಟ್ಟಳು.

ಆಂಬುಲೆನ್ಸಿನಲ್ಲಿ ಗಾಳಿಚೀಲ ಹಿಂಡುತ್ತಾ ಕೂತ ಪರಿಮಳ, ಎದುರಿಗಿದ್ದ ದೊಡ್ಡಮಾದಮ್ಮ ತನಗೆ ಒಂದು ಒಳ್ಳೆ ಮಾತು ಹೇಳಿಯಾಳೆಂದು ಕಾದಳು. ಹಾಸನೂರು ದಾಟಿದ ಮೇಲೆ ಅವಳು ಬಾಯಿ ಬಿಟ್ಟಳು.

"ಆ ಚಿಕ್ಕವ್ವ ಒಳ್ಳೇದು ಕಣವ್ವ. ತಾನು ನೋಡೋದ್ ಬುಟ್ಟು ನಿಂಗೇ ತೋರ್ಸ್ಕಂಡು ನಿಂತಿತ್ತಲ್ಲ. ಒಂಚೂರೂ ಅಲ್ಲಾಡ್ನಿಲ್ಲ."

ಪರಿಮಳ ಚೀಲ ಹಿಂಡಿದಳು, ಬಿಟ್ಟಳು, ಹಿಂಡಿದಳು.

"ಊಂ, ಒಳ್ಳೇದೇ," ಎಂದಳು ಕೊನೆಗೆ. ಅಷ್ಟು ಹೇಳಲು ಅವಳಿಗೆ ಘಾಟಿ ಇಳಿಯತೊಡಗುವ ದಿಂಬಂ ಬರಬೇಕಾಯಿತು.